ಗುಡ್ಡ ಜರಿದ ಮೇಲೆ ಹೋಂಸ್ಟೇ ಮತ್ತೆ ತೆರೆಯುವುದು: ಮೊದಲ ವಾರದಿಂದ ಮುಂದಿನ ಮಳೆಗಾಲದವರೆಗೆ

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ದೊಡ್ಡ ಪೆಟ್ಟು ಬಿದ್ದದ್ದು ಮಡಿಕೇರಿ ಮತ್ತು ಸೋಮವಾರಪೇಟೆ ತಾಲೂಕುಗಳ ಒಂದು ಪಟ್ಟಿಗೆ: ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಮೊಣ್ಣಂಗೇರಿ, ಜೋಡುಪಾಲ. ಟಿವಿಯಲ್ಲಿ ಬಂದದ್ದು ‘ಕೊಡಗು’ ಎಂಬ ಒಂದೇ ಹೆಸರು. ಜಿಲ್ಲಾಡಳಿತ ಪ್ರವಾಸಿಗರಿಗೆ ಕೊಠಡಿ ಕೊಡುವುದನ್ನು ಕೆಲವು ವಾರ ನಿಲ್ಲಿಸಿತು. ಆ ನಿಷೇಧ ತೆಗೆದ ಮೇಲೂ ಜನ ಬರಲಿಲ್ಲ. ಗುಡ್ಡ ಜರಿದ ಜಾಗದಿಂದ ಬಹುದೂರದಲ್ಲಿ, ಜಿಲ್ಲೆಯ ಇನ್ನೊಂದು ತುದಿಯಲ್ಲಿದ್ದ ಹೋಂಸ್ಟೇಗಳ ಬುಕಿಂಗ್ ಕೂಡ ರದ್ದಾಯಿತು. 2024ರ ಜುಲೈ 30ರಂದು ವಯನಾಡಿನಲ್ಲೂ ಇದೇ ಆಯಿತು. ಮಣ್ಣು ನುಗ್ಗಿದ್ದು ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲೆ ಭಾಗಕ್ಕೆ. ಪ್ರವಾಸಿಗರು ಬಿಟ್ಟುಹೋದದ್ದು ಇಡೀ ಜಿಲ್ಲೆಯನ್ನು.

ಈ ಬರಹ ಮಲೆನಾಡು, ಕೊಡಗಿನಂಥ ಕಡೆ ಹೋಂಸ್ಟೇ, ಸಣ್ಣ ಲಾಡ್ಜು, ಊಟದ ಮನೆ, ಜೀಪು ನಡೆಸುವವರಿಗೆ. ನಾಲ್ಕೈದು ಕೊಠಡಿ, ಬ್ಯಾಂಕಿನಲ್ಲಿ ಒಂದು ಸಾಲ, ಹಿಂದೆ ಕಾಫಿ ತೋಟ, ಕೆಲಸಕ್ಕೆ ಮೂರ್ನಾಲ್ಕು ಜನ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ದೊಡ್ಡ ರೆಸಾರ್ಟುಗಳಿಗೆ ವಕೀಲರು, ಎಂಜಿನಿಯರುಗಳು ಇರುತ್ತಾರೆ. ಸಣ್ಣವರ ಕೈಯಲ್ಲಿರುವ ಬಂಡವಾಳ ಎಂದರೆ ಅತಿಥಿಗೆ ಅವರ ಮಾತಿನ ಮೇಲಿರುವ ನಂಬಿಕೆ. ಹಾಗಾಗಿ ಇಲ್ಲಿ ಹೇಳುವ ಪ್ರತಿ ಹಂತದಲ್ಲೂ ‘ಎಲ್ಲಿ ಜರಿದಿದೆ, ಎಲ್ಲಿ ಜರಿದಿಲ್ಲ’ ಎಂಬುದನ್ನು ಮೊದಲು ತಾವು ತಿಳಿದುಕೊಂಡು, ಆಮೇಲೆ ಬೇರೆಯವರಿಗೆ ಹೇಳುವ ಕೆಲಸ ಇದೆ.

ಮೊದಲ ಹತ್ತು ದಿನ: ಜನ

ಮನೆಯಲ್ಲಿ ಅತಿಥಿಗಳಿದ್ದರೆ ರಿಜಿಸ್ಟರ್ ತೆಗೆದು ಒಬ್ಬೊಬ್ಬರ ಹೆಸರು, ಫೋನ್ ನಂಬರು, ವಾಹನದ ನಂಬರು ಒಂದು ಹಾಳೆಯಲ್ಲಿ ಬರೆದು ಫೋಟೊ ತೆಗೆದು ಪಂಚಾಯಿತಿಗೂ ಪೊಲೀಸ್ ಠಾಣೆಗೂ ಕಳಿಸಿ. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿನ ನಂಬರು 1077. ಟವರ್ ಬಿದ್ದು ಫೋನ್ ಹೋಗದಿದ್ದಾಗ ಈ ಹಾಳೆಯೇ ಆಧಾರ. ಬೆಂಗಳೂರಿನಲ್ಲಿ ಅವರ ಮನೆಯವರು ಹುಚ್ಚು ಹಿಡಿದವರಂತೆ ಎಲ್ಲರಿಗೂ ಫೋನ್ ಮಾಡುತ್ತಿರುತ್ತಾರೆ.

ಅತಿಥಿಗಳಷ್ಟೇ ಅಲ್ಲ. ತೋಟದ ಕೆಲಸದವರ ಲೈನ್ ಮನೆಗಳು ಬಹಳ ಕಡೆ ತೋಟದ ತಗ್ಗಿನಲ್ಲಿ, ತೋಡಿನ (ಸಣ್ಣ ಹಳ್ಳದ) ಪಕ್ಕ, ಬರೆಯ (ಕಡಿದಾದ ಮಣ್ಣಿನ ದಂಡೆಯ) ಕೆಳಗೆ ಇರುತ್ತವೆ. ಯಜಮಾನರ ಮನೆ ಎತ್ತರದಲ್ಲಿ ಸುರಕ್ಷಿತವಾಗಿದ್ದರೂ ಕೆಲಸದವರ ಮನೆ ಅಪಾಯದಲ್ಲಿರುತ್ತದೆ. ಅವರನ್ನು ಮೊದಲ ರಾತ್ರಿಯೇ ಖಾಲಿಯಾದ ಅತಿಥಿ ಕೊಠಡಿಗೆ ಕರೆತನ್ನಿ.

ಜಿಲ್ಲಾಧಿಕಾರಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಪ್ರವಾಸಿಗರಿಗೆ, ವಾಹನಗಳಿಗೆ ನಿರ್ಬಂಧ ಹಾಕಿದ್ದರೆ ‘ನಮ್ಮ ಹಳೇ ಗಿರಾಕಿ, ಒಂದೇ ರಾತ್ರಿ’ ಎಂದೆಲ್ಲ ಹೇಳಿಕೊಂಡು ಯಾರನ್ನೂ ಇರಿಸಿಕೊಳ್ಳಬೇಡಿ. ಒಂದು ಕಾರು ಸಿಕ್ಕಿಹಾಕಿಕೊಂಡರೆ ಅದನ್ನು ತೆಗೆಯಲು ಪರಿಹಾರ ಕೆಲಸದ ಜೆಸಿಬಿ ಬರಬೇಕು. ಮುಂಗಡ ಕೊಟ್ಟವರಿಗೆ ನೀವೇ ಮೊದಲು ಫೋನ್ ಮಾಡಿ, ದುಡ್ಡು ವಾಪಸ್ ಬೇಕೋ ಬೇರೆ ದಿನಾಂಕ ಬೇಕೋ ಕೇಳಿ. ವಾಪಸ್ ಎಂದರೆ ತಡಮಾಡದೆ ಕೊಡಿ. ಆ ವಾರ ಕೈಯಿಂದ ಹೋಗುವ ದುಡ್ಡು ನೋವು ಕೊಡುತ್ತದೆ ನಿಜ, ಆದರೆ ನವೆಂಬರಿನಲ್ಲಿ ಮೊದಲು ಫೋನ್ ಮಾಡುವವರು ಬಹುತೇಕ ಇವರೇ.

ಕೊಠಡಿಗಳನ್ನು ನಿರಾಶ್ರಿತರಿಗೆ, ಪರಿಹಾರ ಸಿಬ್ಬಂದಿಗೆ ಬಿಟ್ಟುಕೊಟ್ಟರೆ ಅದಕ್ಕೂ ರಿಜಿಸ್ಟರ್ ಇಡಿ. ಬಾಡಿಗೆ ಇದೆಯೇ ಇಲ್ಲವೇ, ಊಟದ ಖರ್ಚು ಯಾರದು, ಎಷ್ಟು ದಿನ ಎಂಬುದನ್ನು ಮೊದಲೇ ಬಾಯಿಬಿಟ್ಟು ಮಾತಾಡಿ. ಸಂಕೋಚಕ್ಕೆ ಸುಮ್ಮನಿದ್ದರೆ ಆಮೇಲೆ ಊರಿನವರ ನಡುವೆಯೇ ಮನಸ್ತಾಪ ಆಗುತ್ತದೆ.

ಕೆಸರು ಎತ್ತುವ ಮೊದಲು ಕಾಗದ

ಮಳೆ ನಿಂತ ತಕ್ಷಣ ಎಲ್ಲರಿಗೂ ಕೈ ತುರಿಸುತ್ತದೆ, ಸಲಿಕೆ ಹಿಡಿದು ಮಣ್ಣು ಎತ್ತೋಣ ಎಂದು. ಅರ್ಧ ದಿನ ತಡೆಯಿರಿ. ಪ್ರತಿ ಕೊಠಡಿಯ ನಾಲ್ಕು ಮೂಲೆಯಿಂದ, ಹೊರಗಿನ ನಾಲ್ಕು ಬದಿಯಿಂದ, ಗೋಡೆಯಲ್ಲಿ ನೀರು ನಿಂತ ಗೆರೆಯ ಪಕ್ಕ ಒಂದು ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ. ಹಾಳಾದ ಹಾಸಿಗೆ, ಇನ್ವರ್ಟರ್, ಗೀಸರ್, ಫ್ರಿಜ್ಜುಗಳನ್ನು ಪಟ್ಟಿ ಮಾಡಿ. ಬಿಲ್ಲು ಕೊಚ್ಚಿಹೋಗಿದ್ದರೆ ಕೊಂಡ ಅಂಗಡಿಯವರ ಹತ್ತಿರ ನಕಲು ಸಿಗುತ್ತದೆ.

ಕಾಗದಕ್ಕೆ ಮೂರು ದಾರಿಗಳಿವೆ, ಮೂರನ್ನೂ ಒಟ್ಟಿಗೆ ಹಿಡಿಯಬೇಕು.

ಮೊದಲನೆಯದು ಕಂದಾಯ ಇಲಾಖೆ. ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುವಾಗ ನೀವು ಅಲ್ಲಿರಬೇಕು. ಮನೆ ಪೂರ್ತಿ ಬಿದ್ದಿದೆಯೇ, ಭಾಗಶಃ ಹಾನಿಯೇ ಎಂಬ ವರ್ಗ ಅಲ್ಲೇ ನಿರ್ಧಾರ ಆಗುತ್ತದೆ, ಆಮೇಲೆ ಬದಲಾಯಿಸಲು ತಿಂಗಳುಗಟ್ಟಲೆ ತಾಲೂಕು ಕಚೇರಿ ಸುತ್ತಬೇಕು. ಆದರೆ ಈ ದುಡ್ಡಿನ ಮೇಲೆ ಹೆಚ್ಚು ಲೆಕ್ಕ ಹಾಕಬೇಡಿ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಹಾಕಿದ 2022–26ರ ಮಾನದಂಡದಲ್ಲಿ ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ 1.30 ಲಕ್ಷ ರೂಪಾಯಿ ಇತ್ತು. ರಾಜ್ಯ ಸರ್ಕಾರ ಕೆಲವೊಮ್ಮೆ ತನ್ನ ಕಡೆಯಿಂದ ಸೇರಿಸುತ್ತದೆ, 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಇದೆಲ್ಲ ವಾಸದ ಮನೆಗೆ. ಅತಿಥಿಗಳು ಬಾರದೆ ಹೋದ ಆದಾಯಕ್ಕೆ ಈ ನಿಧಿಯಲ್ಲಿ ಜಾಗವಿಲ್ಲ.

ಎರಡನೆಯದು ವಿಮೆ. ಫೋನಿನಲ್ಲಿ ಹೇಳಿದರೆ ಸಾಲದು, ಇಮೇಲ್ ಅಥವಾ ಕಾಗದದಲ್ಲಿ ತಿಳಿಸಿ ಕ್ಲೇಮ್ ನಂಬರು ಪಡೆಯಿರಿ. ಸರ್ವೇಯರ್ ಬರುವವರೆಗೆ ಹಾಳಾದ ವಸ್ತುಗಳನ್ನು ಬಿಸಾಡದೆ ಒಂದು ಕಡೆ ರಾಶಿ ಹಾಕಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಬಗೆಯ ಪಾಲಿಸಿ ಕೊಡುತ್ತವೆ: ವಾಸದ ಮನೆಗೆ ಭಾರತ್ ಗೃಹ ರಕ್ಷಾ, 5 ಕೋಟಿವರೆಗಿನ ಉದ್ಯಮಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ನೆರೆ, ಭೂಕುಸಿತ ಎರಡೂ ಇವುಗಳಲ್ಲಿ ಸೇರಿವೆ. ಎಡವಟ್ಟು ಆಗುವುದು ಎರಡು ಕಡೆ. ಮನೆಯ ಪಾಲಿಸಿ ಮಾಡಿಸಿ, ಅಲ್ಲಿ ಹೋಂಸ್ಟೇ ನಡೆಯುತ್ತದೆ ಎಂದು ಹೇಳದೇ ಇರುವುದು ಒಂದು. ಕಂತು ಉಳಿಸಲು ಕಡಿಮೆ ಮೊತ್ತಕ್ಕೆ ಮಾಡಿಸುವುದು ಇನ್ನೊಂದು. 40 ಲಕ್ಷದ ಕಟ್ಟಡಕ್ಕೆ 20 ಲಕ್ಷದ ವಿಮೆ ಮಾಡಿಸಿ 10 ಲಕ್ಷದ ಹಾನಿಯಾದರೆ, ಪೂರ್ತಿ 10 ಬರುತ್ತದೆ ಎಂದುಕೊಳ್ಳುತ್ತಾರೆ. ಉದ್ಯಮದ ಪಾಲಿಸಿಯಲ್ಲಿ ಅದೇ ಅನುಪಾತದಲ್ಲಿ ಕಡಿತಮಾಡಿ 5ರ ಆಸುಪಾಸಿಗೆ ತಂದು ನಿಲ್ಲಿಸುತ್ತಾರೆ. ಇನ್ನು ರಸ್ತೆ ಮುಚ್ಚಿ ಅತಿಥಿಗಳು ಬರಲಿಲ್ಲ ಎಂಬ ನಷ್ಟಕ್ಕೆ ಮಾಮೂಲಿ ಪಾಲಿಸಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಲಾಭನಷ್ಟದ ಪ್ರತ್ಯೇಕ ವಿಮೆ ಇದೆ, ಅದಕ್ಕೂ ಸಾಮಾನ್ಯವಾಗಿ ನಿಮ್ಮ ಕಟ್ಟಡಕ್ಕೇ ಹಾನಿ ಆಗಿರಬೇಕು ಎಂಬ ಷರತ್ತಿರುತ್ತದೆ.

ಮೂರನೆಯದು ಬ್ಯಾಂಕು. ಕಂತು ತಪ್ಪಿದ ಮೇಲೆ ಹೋದರೆ ಮಾತು ಬೇರೆ, ತಪ್ಪುವ ಮೊದಲು ಹೋದರೆ ಮಾತು ಬೇರೆ. ಪ್ರಕೃತಿ ವಿಕೋಪವಾದ ಪ್ರದೇಶಗಳಲ್ಲಿ ಸಾಲದ ಅವಧಿ ಮರುಹೊಂದಿಸಲು, ಕಂತಿಗೆ ಬಿಡುವು ಕೊಡಲು ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಅದಕ್ಕೆ ಮಹಜರಿನ ನಕಲು, ಕಳೆದ ಎರಡು ಮೂರು ವರ್ಷದ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಲೆಕ್ಕ, ಬುಕಿಂಗ್ ರದ್ದಾದ ದಾಖಲೆ ಜೊತೆಯಲ್ಲಿರಲಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸದ ಹೋಂಸ್ಟೇಗಳು ಸಿಕ್ಕಿಬೀಳುವುದು ಇಲ್ಲೇ. ವರ್ಷಗಟ್ಟಲೆ ನಗದಿನಲ್ಲೇ ವ್ಯವಹಾರ ಮಾಡಿದವರಿಗೆ ಕಳೆದುಕೊಂಡದ್ದನ್ನು ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಬರೆ ನೋಡುವುದು

ಒಳಗೆ ಬಣ್ಣ ಬಳಿಯುವ ಮೊದಲು ಮನೆಯ ಹಿಂದೆ ಹೋಗಿ. ಕೊಡಗಿನಲ್ಲಿ 2018ರಲ್ಲಿ ಜೂನ್‌ನಿಂದ ಸುರಿದ ಮಳೆಗೆ ಮಣ್ಣು ಮೊದಲೇ ನೀರು ಕುಡಿದು ತುಂಬಿತ್ತು. ಆಗಸ್ಟಿನ ನಾಲ್ಕು ದಿನದ ಜಡಿಮಳೆ ಅದನ್ನು ಕೆಳಗಿಳಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಆಮೇಲೆ ಅಧ್ಯಯನ ಮಾಡಿ, ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದು ನೆಟ್ಟಗೆ ಮಾಡಿದ್ದು, ನೀರು ಹರಿಯುವ ಸಹಜ ದಾರಿಗೆ ಅಡ್ಡ ಬಂದದ್ದು ಮುಖ್ಯ ಕಾರಣಗಳಲ್ಲಿ ಸೇರಿವೆ ಎಂದಿತು. ಅಂದರೆ ಎಷ್ಟೋ ಕಡೆ ಸಮಸ್ಯೆ ಶುರುವಾದದ್ದು ‘ವ್ಯೂ’ ಚೆನ್ನಾಗಿ ಬರಲಿ ಎಂದು ಜೆಸಿಬಿ ತಂದು ಗುಡ್ಡ ಕಡಿಸಿದ ದಿನವೇ.

ಮಳೆ ಪೂರ್ತಿ ಬಿಟ್ಟ ಮೇಲೆ, ಹಗಲಿನಲ್ಲಿ, ಒಬ್ಬರೇ ಹೋಗದೆ ಜೊತೆಗೊಬ್ಬರನ್ನು ಕರೆದುಕೊಂಡು ಮೇಲಿನಿಂದ ಕೆಳಕ್ಕೆ ನಡೆಯುತ್ತಾ ನೋಡಿ. ಮನೆಗಿಂತ ಮೇಲೆ, ತೋಟದೊಳಗೆ, ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕು ಇದೆಯೇ? ಸಿಲ್ವರ್ ಓಕ್ ಮರಗಳು, ಕರೆಂಟು ಕಂಬಗಳು ಇಳಿಜಾರಿನ ಕಡೆಗೆ ವಾಲಿವೆಯೇ? ಮೊದಲು ಇಲ್ಲದಿದ್ದ ಕಡೆ ಬುಗ್ಗೆ ಬಂದಿದೆಯೇ? ಹೊಸ ಬುಗ್ಗೆಯ ನೀರು ತಿಳಿಯಾಗಿದ್ದರೆ ಸ್ವಲ್ಪ ಸಮಾಧಾನ. ಕೆಂಪಾಗಿ, ಮಣ್ಣು ಕಲಸಿ ಬರುತ್ತಿದ್ದರೆ ಒಳಗಿನಿಂದ ಮಣ್ಣು ತೊಳೆದುಹೋಗುತ್ತಿದೆ ಎಂದರ್ಥ. ತುಂಬಿ ಹರಿಯುವ ತೋಡು ಇದ್ದಕ್ಕಿದ್ದಂತೆ ಸಣ್ಣದಾದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿರುತ್ತದೆ, ಆಗ ನೋಡುತ್ತಾ ನಿಲ್ಲದೆ ತೋಡಿನ ದಾರಿ ಬಿಟ್ಟು ಎತ್ತರಕ್ಕೆ ಹೋಗಬೇಕು. ಮನೆಯೊಳಗೆ ಬಾಗಿಲು, ಕಿಟಕಿ ಹೊಸದಾಗಿ ಬಿಗಿಯಾಗುವುದು, ನೆಲಕ್ಕೂ ಗೋಡೆಗೂ ನಡುವೆ ಸಂದು ಬಿಡುವುದು ಕೂಡ ಲಕ್ಷಣಗಳೇ.

ಬಿರುಕು ಸಿಕ್ಕರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ದಿನಾಂಕದೊಂದಿಗೆ ಬರೆದಿಡಿ. ವಾರಕ್ಕೊಮ್ಮೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಗುಡ್ಡ ಇನ್ನೂ ಕದಲುತ್ತಿದೆ, ಆ ಮನೆಗೆ ಅತಿಥಿಯನ್ನು ಕರೆಯುವ ಮಾತೇ ಇಲ್ಲ. ಬಿರುಕಿನೊಳಗೆ ನೀರಿಳಿಯದಂತೆ ಜೇಡಿಮಣ್ಣು ತುಂಬಿ ಟಾರ್ಪಾಲು ಹೊದಿಸುವುದು ತಾತ್ಕಾಲಿಕ ಕೆಲಸ ಅಷ್ಟೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅಥವಾ ತಹಶೀಲ್ದಾರರ ಮೂಲಕ ತಜ್ಞರಿಗೆ ಅರ್ಜಿ ಕೊಟ್ಟು, ಅವರು ನೋಡಿ ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ಒಂದು ಮನೆಗೆಂದು ಕರೆದರೆ ಬರುವುದು ತಡವಾಗಬಹುದು. ಊರಿನ ಹತ್ತು ಮನೆಯವರು ಸೇರಿ ಕೊಟ್ಟ ಅರ್ಜಿಗೆ ತೂಕ ಹೆಚ್ಚು.

ತಡೆಗೋಡೆ ಕಟ್ಟಿಸುವವರಿಗೆ ಒಂದು ಮಾತು. ಗೋಡೆಯ ದಪ್ಪಕ್ಕಿಂತ ಅದರ ಹಿಂದಿನ ನೀರಿಗೆ ದಾರಿ ಇದೆಯೇ ಎಂಬುದು ಮುಖ್ಯ. ಪೈಪಿನ ರಂಧ್ರಗಳಿಲ್ಲದ, ಹಿಂದೆ ಜಲ್ಲಿ ತುಂಬದ ಕಾಂಕ್ರೀಟು ಗೋಡೆ ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ತಾನೇ ಉರುಳುತ್ತದೆ. ಬರೆಯ ನೆತ್ತಿಯಲ್ಲಿ ಚರಂಡಿ ತೋಡಿ ನೀರನ್ನು ಪಕ್ಕಕ್ಕೆ, ಗಟ್ಟಿ ತಳವಿರುವ ತೋಡಿಗೆ ತಿರುಗಿಸಿ, ನೆರೆಯವರ ತೋಟಕ್ಕಲ್ಲ. ಇಳಿಜಾರಿನಲ್ಲಿ ಲಾವಂಚ ನೆಡುವುದು ಒಳ್ಳೆಯದೇ, ಅದರ ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಇಂಗುಗುಂಡಿ ಮಾತ್ರ ಕಡಿದಾದ ಗುಡ್ಡದಲ್ಲಿ ಬೇಡ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದದ್ದು ಇಲ್ಲಿ ಗುಡ್ಡದ ಹೊಟ್ಟೆಗೆ ನೀರು ಕುಡಿಸಿದ ಹಾಗೆ ಆಗುತ್ತದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜರಿದಾಗಲೂ ಬೆಟ್ಟದ ಮೇಲಿನ ಗುಂಡಿಗಳ ಬಗ್ಗೆ ಚರ್ಚೆ ನಡೆದಿತ್ತು. ಗುಡ್ಡದ ಅಂಚಿನ ಈಜುಕೊಳಕ್ಕೂ ಇದೇ ಮಾತು, ಇನ್‌ಸ್ಟಾಗ್ರಾಮಿನಲ್ಲಿ ಅದೆಷ್ಟೇ ಚೆನ್ನಾಗಿ ಕಾಣಲಿ.

ನೀರು, ಕರೆಂಟು, ಜ್ವರ

ಅತಿಥಿ ಒಬ್ಬರಿಗೆ ಹೊಟ್ಟೆ ಕೆಟ್ಟರೂ ವಿಮರ್ಶೆಯಲ್ಲಿ ಬರುವುದು ನಿಮ್ಮ ಮನೆಯ ಹೆಸರು. ಬಾವಿಗೆ ಕೆಸರು ನೀರು ನುಗ್ಗಿದ್ದರೆ ಮೊದಲು ಪಂಪು ಹಾಕಿ ಹೊಡೆದು ತೆಗೆಯಿರಿ, ತಿಳಿನೀರು ಬರುವವರೆಗೆ ಕಾಯಿರಿ. ಆಮೇಲೆ ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬುದು ಆರೋಗ್ಯ ಇಲಾಖೆಯವರು ಬಳಸುವ ಲೆಕ್ಕ. ದುಂಡು ಬಾವಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ಅಗಲವನ್ನು ಅಗಲದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ, ಅಳತೆ ಮೀಟರಿನಲ್ಲಿರಲಿ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ 9,420 ಲೀಟರ್, ಪೌಡರ್ ಸುಮಾರು 24 ಗ್ರಾಂ. ಇದು ಹೊಸದಾಗಿ ತೆರೆದ ಪೌಡರಿನ ಲೆಕ್ಕ, ವರ್ಷದಿಂದ ಸ್ಟೋರ್ ರೂಮಿನಲ್ಲಿ ಬಿದ್ದಿರುವುದರಲ್ಲಿ ಸತ್ವ ಇರುವುದಿಲ್ಲ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ, ಐದು ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗೆ ಇಳಿಸಿ ಚೆನ್ನಾಗಿ ಕದಡಿ. ಒಂದು ಗಂಟೆಯಾದರೂ ಮುಟ್ಟಬೇಡಿ. ಇಷ್ಟಾದರೂ ನೀರಿನ ಪರೀಕ್ಷೆ ಮಾಡಿಸದೆ, ಕುದಿಸದೆ ಅತಿಥಿಗೆ ಕೊಡಬೇಡಿ. ವರದಿ ಬಂದಾಗ ಅದನ್ನು ಊಟದ ಮೇಜಿನ ಹತ್ತಿರ ಅಂಟಿಸಿ.

ಶೌಚಗುಂಡಿ ಒಡೆದಿದ್ದರೆ, ಬಾವಿಗಿಂತ ಮೇಲಿದ್ದರೆ ಅದನ್ನು ಸರಿಮಾಡುವವರೆಗೆ ಆ ಬಾವಿ ಬಳಕೆಗೆ ಬೇಡ. ಕರೆಂಟು ಕಂಪನಿಯಾದ ಸೆಸ್ಕ್‌ನವರು ಬಂದು ನೋಡದೆ ಮೇನ್ ಸ್ವಿಚ್ ಹಾಕಬೇಡಿ. ಕೆಸರು ತೆಗೆಯುವವರಿಗೆ ಗಮ್‌ಬೂಟು, ಗ್ಲೌಸು ಕೊಡಿಸಿ, ಇಲಿ ಜ್ವರ ಬರುವುದು ಹೆಚ್ಚಾಗಿ ಇಂಥ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಮುಂಜಾಗ್ರತೆಯ ಮಾತ್ರೆ ಕೊಡುತ್ತಾರೆ.

ಊರಿಗೆಲ್ಲ ಒಂದು ಸುದ್ದಿ

ಇಲ್ಲಿಯವರೆಗಿನ ಕೆಲಸ ಒಬ್ಬೊಬ್ಬರೇ ಮಾಡಬಹುದು. ಇನ್ನು ಮುಂದಿನದು ಊರು ಸೇರದೆ ಆಗದು. ಒಬ್ಬರು ‘ಬನ್ನಿ, ಏನೂ ಆಗಿಲ್ಲ’ ಎನ್ನುತ್ತಾರೆ, ಇನ್ನೊಬ್ಬರು ಕುಸಿದ ರಸ್ತೆಯ ಹಳೆಯ ವಿಡಿಯೊ ಹಾಕುತ್ತಾರೆ, ಜೀಪಿನವರು ಒಂದು ಹೇಳುತ್ತಾರೆ, ಹೋಟೆಲಿನವರು ಇನ್ನೊಂದು. ದೂರದಲ್ಲಿರುವವನು ಯಾರನ್ನೂ ನಂಬದೆ ಊಟಿಗೆ ಹೋಗುತ್ತಾನೆ.

ಹೋಂಸ್ಟೇ ಸಂಘ, ಜೀಪು ಚಾಲಕರ ಸಂಘ, ಪಂಚಾಯಿತಿ ಸೇರಿ ದಿನಕ್ಕೊಂದು ಸಂದೇಶ ಹೊರಡಿಸಲಿ, ಬೆಳಿಗ್ಗೆ ಒಂದು ನಿಗದಿಯಾದ ಹೊತ್ತಿಗೆ. ಅದರಲ್ಲಿ ದಿನಾಂಕ ಮೊದಲ ಸಾಲಿನಲ್ಲೇ ಇರಬೇಕು, ಹಳೆಯ ಸಂದೇಶ ಮೂರು ವಾರ ವಾಟ್ಸಾಪಿನಲ್ಲಿ ತಿರುಗುವುದು ಎಲ್ಲರಿಗೂ ಗೊತ್ತು. ಬರವಣಿಗೆ ಹೀಗಿರಲಿ:

“ಅಕ್ಟೋಬರ್ 4, ಬೆಳಿಗ್ಗೆ 7. ಮೈಸೂರು–ಕುಶಾಲನಗರ–ಮಡಿಕೇರಿ ರಸ್ತೆ: ತೆರೆದಿದೆ. ಮಡಿಕೇರಿ–ಸಂಪಾಜೆ: ಸಣ್ಣ ವಾಹನ ಮಾತ್ರ, ಹಗಲಿನಲ್ಲಿ. ಮಾಂದಲಪಟ್ಟಿ: ಜೀಪು ಇಲ್ಲ. ರಾಜಾಸೀಟು, ಭಾಗಮಂಡಲ: ತೆರೆದಿವೆ. ಪೆಟ್ರೋಲ್, ಎಟಿಎಂ: ಇವೆ. ನೆಟ್‌ವರ್ಕ್: ಪಟ್ಟಣದಲ್ಲಿ ಮಾತ್ರ. ನಿನ್ನೆಯ ಮಳೆ: 12 ಮಿ.ಮೀ.”

ಇಷ್ಟೇ. ‘ಸ್ವರ್ಗ ನಿಮ್ಮನ್ನು ಕಾಯುತ್ತಿದೆ’ ಎಂಬ ಸಾಲುಗಳು ಬೇಡ. ಮಾಂದಲಪಟ್ಟಿ ಮುಚ್ಚಿದೆ ಎಂದು ನೀವೇ ಹೇಳಿದಾಗ ಭಾಗಮಂಡಲ ತೆರೆದಿದೆ ಎಂಬುದನ್ನೂ ಜನ ನಂಬುತ್ತಾರೆ.

ಫೋನಿನಲ್ಲೂ ಹಾಗೇ. “ಸರ್, ಈಗ ಬರಬಹುದಾ, ಸೇಫಾ?” ಎಂದು ಕೇಳಿದರೆ “ಏನೂ ತೊಂದರೆ ಇಲ್ಲ ಸರ್, ಬನ್ನಿ” ಎನ್ನುವುದು ಸುಲಭ. ಅದರ ಬದಲು, “ಯಾವ ಕಡೆಯಿಂದ ಬರ್ತೀರಿ ಸರ್? ಮೈಸೂರು ಕಡೆಯಿಂದ ಆದ್ರೆ ರಸ್ತೆ ಚೆನ್ನಾಗಿದೆ. ಕತ್ತಲಾಗೋ ಮೊದಲು ಮನೆ ಸೇರ್ಕೊಳ್ಳಿ, ಐದು ಗಂಟೆ ಒಳಗೆ. ವಯಸ್ಸಾದವರು ಇದ್ರೆ ಕೆಳಗಿನ ರೂಮು ಕೊಡ್ತೀನಿ. ರೆಡ್ ಅಲರ್ಟ್ ಬಂದ್ರೆ ನಾನೇ ಫೋನ್ ಮಾಡಿ ಬೇಡ ಅಂತೀನಿ, ದುಡ್ಡು ವಾಪಸ್” ಎಂದು ಹೇಳಿ. ಹೀಗೆ ಕೇಳಿಸಿಕೊಂಡವರು ಆ ವಾರ ಬಾರದಿದ್ದರೂ ನಿಮ್ಮ ನಂಬರು ಇಟ್ಟುಕೊಳ್ಳುತ್ತಾರೆ.

ಹೊರಗಿನವರೊಬ್ಬರ ಪರಿಶೀಲನೆಗೆ ಇರುವ ಬೆಲೆಯನ್ನು ನೇಪಾಳ ಚೆನ್ನಾಗಿ ಬಳಸಿಕೊಂಡಿತು. 2015ರ ಏಪ್ರಿಲ್ 25ರ 7.8 ತೀವ್ರತೆಯ ಭೂಕಂಪದಲ್ಲಿ ಲಾಂಗ್‌ಟಾಂಗ್ ಹಳ್ಳಿ ಹಿಮ-ಬಂಡೆಗಳಡಿ ಹೂತುಹೋಯಿತು. ಆದರೆ ಎವರೆಸ್ಟ್, ಅನ್ನಪೂರ್ಣ ಕಡೆಯ ಚಾರಣ ದಾರಿಗಳನ್ನು ಕೆಲವೇ ತಿಂಗಳಲ್ಲಿ ವಿದೇಶಿ ಎಂಜಿನಿಯರುಗಳು ನಡೆದು ನೋಡಿ, ಯಾವುದು ಗಟ್ಟಿ, ಯಾವುದು ದುರಸ್ತಿಯಾಗಬೇಕು ಎಂದು ವರದಿ ಕೊಟ್ಟರು. ಟ್ರಾವೆಲ್ ಕಂಪನಿಗಳ ಕೈಗೆ ತೋರಿಸಲು ಒಂದು ಕಾಗದ ಸಿಕ್ಕಿತು. 2014ರಲ್ಲಿ ಸುಮಾರು 7.9 ಲಕ್ಷವಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 2015ರಲ್ಲಿ 5.4 ಲಕ್ಷಕ್ಕೆ ಇಳಿದು, 2016ರಲ್ಲಿ 7.5 ಲಕ್ಷಕ್ಕೂ 2017ರಲ್ಲಿ 9.4 ಲಕ್ಷಕ್ಕೂ ಏರಿತು. ವರದಿ ಒಂದರಿಂದಲೇ ಆಯಿತು ಎನ್ನಲಾಗದು. ಆದರೂ ನಮ್ಮ ಊರಿನ ಚಾರಣ ದಾರಿ, ಜೀಪು ದಾರಿಗಳನ್ನು ಅರಣ್ಯ ಇಲಾಖೆ, ಲೋಕೋಪಯೋಗಿ ಇಲಾಖೆಯವರ ಜೊತೆ ನಡೆದು ನೋಡಿ ಒಂದು ಪುಟದ ಟಿಪ್ಪಣಿ ಬರೆಸಿಕೊಳ್ಳಲು ವಿದೇಶಿ ದುಡ್ಡು ಬೇಕಿಲ್ಲ.

ಇನ್ನೊಂದು ಕಿರಿಕಿರಿ: ಕುಸಿದ ಜಾಗ ನೋಡಲೆಂದೇ ಬರುವವರು. ಸೆಲ್ಫಿ ಸ್ಟಿಕ್ ಹಿಡಿದು, ಜನ ಸತ್ತ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ‘ಕುಸಿತದ ಜಾಗ ತೋರಿಸುತ್ತೇವೆ’ ಎಂದು ಜೀಪಿಗೆ ಬಾಡಿಗೆ ಹಿಡಿಯುವುದನ್ನು ಸಂಘವೇ ಮೊದಲ ದಿನ ಕೂತು ಬೇಡ ಎಂದು ತೀರ್ಮಾನ ಮಾಡಬೇಕು. ಮನೆ ಕಳೆದುಕೊಂಡವರು ಅದೇ ಊರಿನಲ್ಲಿದ್ದಾರೆ, ನಾಳೆ ಅವರ ಮುಖ ನೋಡಬೇಕು.

ಕೆಲಸದವರು ಮತ್ತು ಜೀಪಿನವರು

ಹೋಂಸ್ಟೇ ಮಾಲೀಕರಿಗೆ ತೋಟವಾದರೂ ಇರುತ್ತದೆ. ಅಡುಗೆಯವರು, ಕ್ಲೀನಿಂಗಿಗೆ ಬರುವವರು, ಜೀಪಿನ ಚಾಲಕರು, ರಸ್ತೆ ಬದಿಯಲ್ಲಿ ಜೇನು, ಮಸಾಲೆ, ಚಾಕೊಲೇಟ್ ಮಾರುವವರಿಗೆ ಅತಿಥಿ ಬಾರದ ತಿಂಗಳು ಎಂದರೆ ಬರಿಗೈ. ಅವರು ಬೆಂಗಳೂರು, ಮಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟರೆ ಸೀಸನ್ನಿಗೆ ಮತ್ತೆ ಸಿಗುವುದಿಲ್ಲ. ಪಂದಿ ಕರಿ, ಕಡಂಬಿಟ್ಟು ಹದವಾಗಿ ಮಾಡುವ ಕೈ ಮತ್ತೆ ತಯಾರಾಗಲು ವರ್ಷಗಳು ಬೇಕು.

ಮೂರು ತಿಂಗಳಿಗೆ ಅರ್ಧ ಸಂಬಳವಾದರೂ ಕೊಡುವ ಲೆಕ್ಕ ಹಾಕಿ, ಅದನ್ನು ದುರಸ್ತಿಯ ಬಜೆಟ್ಟಿನಲ್ಲೇ ಸೇರಿಸಿ. ಹೊರಗಿನ ಕಂಟ್ರಾಕ್ಟರನ್ನು ಕರೆಯುವ ಬದಲು ಬಣ್ಣ, ಚರಂಡಿ, ಬೇಲಿ ಕೆಲಸವನ್ನು ಇವರಿಂದಲೇ ಮಾಡಿಸಿ. ಜೀಪಿನವರು ಕಂತಿನ ಬಗ್ಗೆ ಬ್ಯಾಂಕಿಗೆ ಹೋಗುವಾಗ ಒಟ್ಟಾಗಿ ಹೋಗಲಿ. ವಾಹನ ಓಡಿಸುವುದಿಲ್ಲ ಎಂದು ಮೊದಲೇ ಬರೆದುಕೊಟ್ಟರೆ ಆ ಅವಧಿಯ ತೆರಿಗೆಯಲ್ಲಿ ಏನು ಅನುಕೂಲವಿದೆ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ.

ರಸ್ತೆ ಯಾವಾಗ ತೆರೆಯುತ್ತದೆ ಎಂಬ ಮಾತನ್ನು ಪೂರ್ತಿ ನಂಬಿ ದುಡ್ಡಿನ ಲೆಕ್ಕ ಹಾಕಬೇಡಿ. ನ್ಯೂಜಿಲೆಂಡಿನ ಕೈಕೌರಾ ಎಂಬ ಪುಟ್ಟ ಪಟ್ಟಣ ತಿಮಿಂಗಿಲ ನೋಡಲು ಬರುವವರಿಂದಲೇ ಬದುಕುತ್ತದೆ. 2016ರ ನವೆಂಬರ್ 14ರ ಭೂಕಂಪದಲ್ಲಿ ಅಲ್ಲಿನ ಕಡಲತಳವೇ ಮೇಲೆದ್ದು ದೋಣಿ ನಿಲ್ದಾಣದಲ್ಲಿ ನೀರು ಕಡಿಮೆಯಾಯಿತು, ಗುಡ್ಡ ಜರಿದು ಕರಾವಳಿ ಹೆದ್ದಾರಿ ಮುಚ್ಚಿತು. ಅದು ಉತ್ತರದ ಕಡೆಗೆ ಮತ್ತೆ ತೆರೆದದ್ದು 2017ರ ಡಿಸೆಂಬರಿನಲ್ಲಿ. ನಿಮ್ಮ ಲೆಕ್ಕದಲ್ಲಿ ‘ಒಂದು ಇಡೀ ಸೀಸನ್ ಖಾಲಿ’ ಎಂಬ ಸಾಲು ಇರಲೇಬೇಕು. ಆ ಸಾಲಿನಲ್ಲೂ ಮನೆ ನಡೆಯುತ್ತದೆ ಎಂದಾದರೆ ಮಾತ್ರ ಹೊಸ ಸಾಲಕ್ಕೆ ಸಹಿ ಹಾಕಿ.

ಮೊದಲು ಬರುವವರು ಯಾರು

ಮೊದಲು ಬರುವವರು ಪ್ರವಾಸಿಗರಲ್ಲ. ರಸ್ತೆ ಕೆಲಸದ ಎಂಜಿನಿಯರುಗಳು, ಸರ್ವೇಯರುಗಳು, ಸ್ವಯಂಸೇವಾ ಸಂಸ್ಥೆಯವರು, ವರದಿಗಾರರು. ಅವರಿಗೆ ತಿಂಗಳ ದರ ಹೇಳಿ, ಬೇಳೆಸಾರು-ಅನ್ನದ ಊಟ ಕೊಡಿ, ಬಿಲ್ಲು ಕ್ರಮವಾಗಿ ಹಾಕಿ. ಮನೆಯ ದೀಪ ಉರಿಯುತ್ತಿರುತ್ತದೆ, ಕೆಲಸದವರ ಕೈಗೂ ಕೆಲಸ.

ಆಮೇಲೆ ಹಳೆಯ ಅತಿಥಿಗಳು. ಅವರು ಬರುವುದು ಗುಡ್ಡ ನೋಡಲು ಅಲ್ಲ, ನಿಮ್ಮನ್ನು ನೋಡಲು. ನಂತರ ಮೈಸೂರು, ಮಂಗಳೂರು, ಬೆಂಗಳೂರಿನ ವಾರಾಂತ್ಯದವರು. ಶಾಲಾ ಪ್ರವಾಸಗಳು ಡಿಸೆಂಬರ್, ಜನವರಿಯಲ್ಲಿ ಬರಬೇಕಾದವು, ಒಂದು ವರ್ಷ ತಪ್ಪಬಹುದು. ಹೆತ್ತವರ ಭಯವನ್ನು ಯಾವ ಜಾಹೀರಾತಿನಿಂದಲೂ ಓಡಿಸಲಾಗದು. ವಿದೇಶಿಯರು ಎಲ್ಲರಿಗಿಂತ ಕೊನೆಗೆ.

ದರ ಅರ್ಧಕ್ಕೆ ಇಳಿಸುವ ಆಸೆ ಎಲ್ಲರಿಗೂ ಬರುತ್ತದೆ. ನನ್ನ ಮಟ್ಟಿಗೆ ಅದು ಕೆಟ್ಟ ಲೆಕ್ಕ. ಭಯದಿಂದ ಬಾರದವನು ಅಗ್ಗಕ್ಕೆ ಸಿಕ್ಕಿತು ಎಂದು ಬರುವುದಿಲ್ಲ. ಅಗ್ಗಕ್ಕೆ ಬಂದವನು ಮುಂದಿನ ವರ್ಷ ಹಳೆಯ ದರ ಕೊಡುವುದಿಲ್ಲ. ಪಕ್ಕದವರೂ ಇಳಿಸಿದರೆ ಊರಿಗೆ ಊರೇ ಕೆಳಗಿಳಿಯುತ್ತದೆ. ದರ ಹಾಗೇ ಇಟ್ಟು ಎರಡು ರಾತ್ರಿಗೆ ಮೂರನೆಯದನ್ನು ಉಚಿತ ಕೊಡಿ, ಕಾಫಿ ಕೊಯ್ಲು ನೋಡಲು ಕರೆದುಕೊಂಡು ಹೋಗಿ, ಹುತ್ತರಿಯ ಊಟ ಹಾಕಿ. ದಿನಾಂಕ ಬದಲಾಯಿಸುವ ಸ್ವಾತಂತ್ರ್ಯವನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಹೊಸದಾಗಿ ಕರೆಯುವವರಿಗೆ ಅದೇ ದೊಡ್ಡ ರಿಯಾಯಿತಿ.

2018ರಲ್ಲಿ ಮುನ್ನಾರ್‌ನವರಿಗೆ ಒದಗಿದ್ದನ್ನು ನೆನೆದರೆ ಬೇಸರವಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಗೆಂದು ಎಲ್ಲರೂ ತಯಾರಾಗಿದ್ದರು. ಆಗಸ್ಟಿನಲ್ಲಿ ನೆರೆ ಬಂತು, ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತು. ಹೂವಿನಂಥ ಒಂದೇ ಆಕರ್ಷಣೆಗೆ, ಒಂದೇ ತಿಂಗಳಿಗೆ ವರ್ಷದ ಆದಾಯವನ್ನು ಕಟ್ಟಿಹಾಕಿದ್ದರೆ ಹೀಗೇ. ಮಾಂದಲಪಟ್ಟಿ ಜೀಪು ಒಂದನ್ನೇ ನಂಬಿದವರೂ ಅಡುಗೆ, ಹಕ್ಕಿ ವೀಕ್ಷಣೆ, ತೋಟದ ನಡಿಗೆ ಎಂದು ಎರಡು ಮೂರು ಕೆಲಸ ಸೇರಿಸಿಕೊಳ್ಳುವುದು ಒಳ್ಳೆಯದು.

ಮುಂದಿನ ಮಳೆಗಾಲಕ್ಕೆ

ಮೊದಲ ಸೀಸನ್ ಹೇಗೋ ಮುಗಿಯುತ್ತದೆ. ನಿಜವಾದ ಪರೀಕ್ಷೆ ಮುಂದಿನ ಜೂನ್. ಕೊಡಗಿನಲ್ಲಿ 2018ರ ನಂತರ 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ ಗುಡ್ಡ ಜರಿಯಿತು, ಕಾವೇರಿ ದಡದ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ನೀರು ನುಗ್ಗಿತು, 2020ರಲ್ಲಿ ತಲಕಾವೇರಿ. ಒಮ್ಮೆ ಆಯಿತಲ್ಲ, ಇನ್ನಾಗದು ಎಂಬ ಲೆಕ್ಕ ಮಣ್ಣಿಗೆ ಗೊತ್ತಿಲ್ಲ.

ಏಪ್ರಿಲ್ ಮುಗಿಯುವುದರೊಳಗೆ ಚರಂಡಿ, ಮೋರಿ ಬಿಡಿಸಿ. ಗೂಟಗಳ ಅಂತರ ಮತ್ತೆ ಅಳೆಯಿರಿ. ಅಂಗಳದಲ್ಲಿ ಒಂದು ಮಳೆ ಮಾಪಕ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಬರೆಯಿರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ವಿಪರೀತ. ನಿಮ್ಮ ಮನೆಗೆ ನಿಮ್ಮದೇ ಗೆರೆ ಎಳೆದುಕೊಳ್ಳಿ: ಎರಡು ದಿನ ಸತತ ಇಷ್ಟು ಬಂದರೆ ಬರೆ ಪಕ್ಕದ ಕೊಠಡಿ ಖಾಲಿ, ಮೂರನೇ ದಿನವೂ ಬಂದರೆ ಮನೆಯೇ ಖಾಲಿ. ಗೆರೆಯನ್ನು ಬೇಸಿಗೆಯಲ್ಲಿ, ತಣ್ಣಗಿರುವಾಗ ಎಳೆಯಬೇಕು. ಶನಿವಾರ ಎಲ್ಲ ಕೊಠಡಿ ತುಂಬಿ, ಹೊರಗೆ ಮಳೆ ಹೊಡೆಯುವಾಗ ಕೂತು ತೀರ್ಮಾನ ಮಾಡಿದರೆ ಬುದ್ಧಿ ದುಡ್ಡಿನ ಕಡೆಗೇ ವಾಲುತ್ತದೆ.

ಪ್ರತಿ ಕೊಠಡಿಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ: ರಾತ್ರಿ ಎಬ್ಬಿಸಿದರೆ ಯಾವ ಬಾಗಿಲಿನಿಂದ, ಯಾವ ದಾರಿಯಲ್ಲಿ, ಎಲ್ಲಿಗೆ ಹೋಗಬೇಕು, ಕಾರು ಎಲ್ಲಿ ನಿಲ್ಲಿಸಬೇಕು, 1077, ಪಕ್ಕದ ಮನೆಯವರ ನಂಬರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬುಕಿಂಗಿಗೆ ರದ್ದತಿ ನಿಯಮ ಬೇರೆಯೇ ಇರಲಿ. ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಬಂದರೆ ಯಾವ ಕಡಿತವೂ ಇಲ್ಲದೆ ಪೂರ್ತಿ ಹಣ ವಾಪಸ್ ಎಂದು ಮುಂಗಡದ ರಸೀದಿಯಲ್ಲೇ ಅಚ್ಚು ಹಾಕಿಸಿ. ಬುಕಿಂಗ್ ಆ್ಯಪ್‌ಗಳ ಮೂಲಕ ಬರುವವರಿಗೂ ಈ ನಿಯಮ ಕಾಣುವಂತೆ ನಿಮ್ಮ ಪುಟದ ವಿವರಣೆಯಲ್ಲಿ ಸೇರಿಸಿ. ವಿಮೆಯ ನವೀಕರಣ ಮೇ ತಿಂಗಳಿನಲ್ಲೇ ಬೀಳುವಂತೆ ಮಾಡಿಸಿಕೊಂಡು, ಹೊಸದಾಗಿ ಕಟ್ಟಿದ ಗೋಡೆ, ಕೊಂಡ ಸಾಮಾನುಗಳ ಮೊತ್ತವನ್ನೂ ಅದರಲ್ಲಿ ಸೇರಿಸಿ. ಮಹಜರಿನ ನಕಲು, ಫೋಟೊಗಳು, ಗೂಟದ ಅಳತೆಯ ಪುಸ್ತಕ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಊರಿನಿಂದ ಹೊರಗಿರುವ ಮಗನಿಗೋ ತಂಗಿಗೋ ಒಂದು ಪ್ರತಿ ಕಳಿಸಿ.